ಗೋಡೆಯ ಮೇಲಿನ ಮುಖ, ಚೌಕಟ್ಟಿನ ಹಿಂದಿನ ಕೈ



ಸೋಡರ್‌ಟೆಲ್ಯೆ ವಲಸೆಯ ಸುಖದುಃಖಗಳನ್ನು ಬಲ್ಲ ಪಟ್ಟಣ. ಸ್ಟಾಕ್‌ಹೋಮ್‌ನ ನೈಋತ್ಯಕ್ಕಿರುವ ಈ ಕೈಗಾರಿಕಾ ಕೇಂದ್ರದಲ್ಲಿ ಸ್ಕಾನಿಯಾ ಲಾರಿಗಳು ತಯಾರಾಗುತ್ತವೆ. ಔಷಧ ತಯಾರಿಸುವ ಅಸ್ತ್ರಾ ಕಂಪನಿ 1913ರಲ್ಲಿ ಹುಟ್ಟಿದ್ದೂ ಇಲ್ಲಿಯೇ. ಬೆಂಗಳೂರಿನಿಂದ ಬಂದವರಿಗೆ ಈ ಎರಡು ಹೆಸರುಗಳೂ ಅಪರಿಚಿತವಲ್ಲ. 1967ರಿಂದೀಚೆಗೆ ಪಶ್ಚಿಮ ಏಷ್ಯಾದಿಂದ ಬಂದ ಸಿರಿಯಾಕ್ ಕ್ರೈಸ್ತರು ತಮ್ಮ ಚರ್ಚುಗಳನ್ನೂ ಭಾಷೆಯನ್ನೂ ಅಡುಗೆಯನ್ನೂ ಈ ಊರಿನ ಬದುಕಿನೊಳಗೆ ಸೇರಿಸಿದ್ದಾರೆ. ಇಂಥ ಊರಿನಲ್ಲಿ ಕನ್ನಡದ ಒಂದು ಕುಟುಂಬ ಬಾಡಿಗೆಯ ಮನೆ ಬಿಟ್ಟು ಸ್ವಂತ ಮನೆಗೆ ಬಂದಿದೆ ಎಂದಿಟ್ಟುಕೊಳ್ಳಿ. ಸಾಮಾನುಗಳನ್ನೆಲ್ಲ ಜೋಡಿಸಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ನಡುಮನೆಯ ದೊಡ್ಡ ಬಿಳಿ ಗೋಡೆ ಖಾಲಿಯಾಗಿಯೇ ಇರುತ್ತದೆ.

ಊರಿನ ಮನೆಯಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ. ಬಾಗಿಲ ಮೇಲೆ ದೇವರ ಪಟ, ಅದರ ಪಕ್ಕದಲ್ಲಿ ಗಂಧದ ಹಾರ ಹಾಕಿದ ಅಜ್ಜನ ಫೋಟೊ, ಮನೆಯವರ ನಿಲುವಿಗೆ ತಕ್ಕಂತೆ ಬಸವಣ್ಣ, ಅಂಬೇಡ್ಕರ್ ಅಥವಾ ಕುವೆಂಪು. ಯಾರ ಮುಖ ಎಲ್ಲಿರಬೇಕು ಎಂಬುದು ಆಗಲೇ ತೀರ್ಮಾನವಾಗಿರುತ್ತಿತ್ತು. ಇಲ್ಲಿನ ಗೋಡೆಗೆ ಅಂಥ ತೀರ್ಮಾನವಿಲ್ಲ. ಆಗ ಮಾರುಕಟ್ಟೆ ಮುಂದೆ ಬರುತ್ತದೆ. ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಕೈಯಿಂದಲೇ ಬರೆದ ಬರೋಕ್ ಭಾವಚಿತ್ರದ ಪ್ರತಿ, ಬೇಕಾದ ಅಳತೆಯಲ್ಲಿ, ಚಿನ್ನದ ಬಣ್ಣದ ಚೌಕಟ್ಟಿನೊಂದಿಗೆ ಮನೆಬಾಗಿಲಿಗೇ ಬರುತ್ತದೆ. ಕಗ್ಗತ್ತಲ ಹಿನ್ನೆಲೆ, ಬಿಳಿಯ ಕಸೂತಿ ಕೊರಳಪಟ್ಟಿ, ಅರ್ಧ ಮುಖದ ಮೇಲೆ ಬಿದ್ದ ಬೆಳಕು. ಸ್ವೀಡನ್ನಿನ ಚಳಿಗಾಲದ ಸಂಜೆಗೆ ಅದು ಚೆನ್ನಾಗಿಯೇ ಒಪ್ಪುತ್ತದೆ.

ಈ ಆಸೆಗೆ ಎರಡು ಆಕ್ಷೇಪಗಳು ಎದುರಾಗುತ್ತವೆ. ಅದು ನಕಲು, ಆದ್ದರಿಂದ ಅಗ್ಗದ ಶೋಕಿ ಎಂಬುದು ಮೊದಲನೆಯದು. ಯಾವನೋ ಯೂರೋಪಿನ ದೊರೆಯ ಮುಖ ಕನ್ನಡದ ಮನೆಯಲ್ಲೇಕೆ ಎಂಬುದು ಎರಡನೆಯದು. ಮೊದಲ ಆಕ್ಷೇಪದಲ್ಲಿ ಹುರುಳಿಲ್ಲ. ಎರಡನೆಯದರಲ್ಲಿ ಇದೆ, ಆದರೆ ಅದು ಅರ್ಧ ಪ್ರಶ್ನೆಯಷ್ಟೆ. ಮುಖ ಯಾರದು ಎಂದು ಕೇಳಿದವರು ಅದನ್ನು ಬರೆದ ಕೈ ಯಾರದು ಎಂದೂ ಕೇಳಬೇಕು.

ನಕಲಿನ ಮಾತನ್ನು ಮೊದಲು ಎತ್ತಿಕೊಳ್ಳಬಹುದು. ಸೋಡರ್‌ಟೆಲ್ಯೆಯಿಂದ ಪಶ್ಚಿಮಕ್ಕೆ ಕಾರಿನಲ್ಲಿ ಸುಮಾರು ಅರ್ಧ ಗಂಟೆ ಹೋದರೆ ಮಾರಿಯೆಫ್ರೆಡ್ ಎಂಬ ಪುಟ್ಟ ಊರು ಸಿಗುತ್ತದೆ. ಅಲ್ಲಿ ಮೇಲಾರೆನ್ ಸರೋವರದ ದಡದಲ್ಲಿ ಗ್ರಿಪ್ಸ್‌ಹಾಲ್ಮ್ ಕೋಟೆಯಿದೆ. ಗುಸ್ತಾವ್ ವಾಸಾ ದೊರೆ 1537ರಲ್ಲಿ ಕಟ್ಟಿಸಲು ತೊಡಗಿದ ಈ ಕೋಟೆಯಲ್ಲಿ 1822ರಿಂದ ಸ್ವೀಡನ್ನಿನ ರಾಷ್ಟ್ರೀಯ ಭಾವಚಿತ್ರ ಸಂಗ್ರಹವಿದೆ. ಗೋಡೆಗಳ ತುಂಬ ಸಾವಿರಾರು ಮುಖಗಳು. 17ನೆಯ ಶತಮಾನದಲ್ಲಿ ಈ ಕೋಟೆ ವಿಧವೆ ರಾಣಿ ಹೆಡ್ವಿಗ್ ಎಲಿಯೊನೋರಾಳ ವಶದಲ್ಲಿತ್ತು. ಭಾವಚಿತ್ರಗಳ ಗೀಳಿದ್ದ ಆಕೆ ನೆಚ್ಚಿದ ಚಿತ್ರಕಾರ ಡೇವಿಡ್ ಕ್ಲೋಕರ್ ಏರೆನ್‌ಸ್ಟ್ರಾಲ್. ಸ್ವೀಡನ್ನಿನ ಚಿತ್ರಕಲೆಯ ಪಿತಾಮಹ ಎಂದು ಕರೆಸಿಕೊಳ್ಳುವ ಈತ ಹುಟ್ಟಿದ್ದು 1628ರಲ್ಲಿ, ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ಈ ದೇಶಕ್ಕೆ ಬಂದದ್ದು 1652ರಲ್ಲಿ. 1661ರಲ್ಲಿ ಆಸ್ಥಾನ ಚಿತ್ರಕಾರನಾದ, 1674ರಲ್ಲಿ ಕುಲೀನ ಪದವಿ ಪಡೆದ. ಸ್ವೀಡನ್ನಿನ ರಾಜವೈಭವಕ್ಕೆ ಕಣ್ಣು ಮೂಗು ಬರೆದವನೇ ಒಬ್ಬ ವಲಸಿಗ ಎಂಬುದನ್ನು ಇಂದಿನ ವಲಸಿಗರು ನೆನಪಿನಲ್ಲಿಡಬೇಕು.

ಏರೆನ್‌ಸ್ಟ್ರಾಲ್ ಒಬ್ಬನೇ ಕುಳಿತು ಎಲ್ಲವನ್ನೂ ಬರೆಯಲಿಲ್ಲ. ಅವನಿಗೊಂದು ಕಾರ್ಯಶಾಲೆಯಿತ್ತು, ಶಿಷ್ಯರಿದ್ದರು. ರಾಜನ ಭಾವಚಿತ್ರ ಒಂದಿದ್ದರೆ ಸಾಲದು. ಅದು ಪ್ರಾಂತ್ಯಗಳ ಅಧಿಕಾರಿಗಳಿಗೆ, ರಾಯಭಾರಿಗಳಿಗೆ, ವಿವಾಹ ಸಂಬಂಧ ಬೆಳೆಸಬೇಕಾದ ಅರಮನೆಗಳಿಗೆ ತಲುಪಬೇಕಿತ್ತು. ಗುರು ಮುಖವನ್ನು ಎದುರು ನೋಡಿ ಒಮ್ಮೆ ಬರೆಯುತ್ತಿದ್ದ; ಉಡುಪು, ಕೈ, ಪರದೆ, ಹಿನ್ನೆಲೆಗಳನ್ನು ಶಿಷ್ಯರು ತುಂಬುತ್ತಿದ್ದರು; ಆಮೇಲೆ ಪ್ರತಿಗಳ ಸಾಲು ಹೊರಡುತ್ತಿತ್ತು. ಯೂರೋಪಿನ ಎಲ್ಲೆಡೆ ಇದೇ ಪದ್ಧತಿ. 1618ರಲ್ಲಿ ರೂಬೆನ್ಸ್ ಇಂಗ್ಲೆಂಡಿನ ರಾಯಭಾರಿ ಡಡ್ಲಿ ಕಾರ್ಲ್‌ಟನ್‌ಗೆ ಚಿತ್ರಗಳ ಪಟ್ಟಿಯೊಂದನ್ನು ಕಳುಹಿಸಿದ. ಯಾವುದು ಪೂರ್ತಿ ತನ್ನ ಕೈಯದು, ಯಾವುದು ಶಿಷ್ಯರು ಬರೆದು ತಾನು ತಿದ್ದಿದ್ದು ಎಂಬುದನ್ನು ಅದರಲ್ಲಿ ಬಿಚ್ಚಿ ಹೇಳಿದ್ದ. ಬೆಲೆ ಆ ವ್ಯತ್ಯಾಸದ ಮೇಲೆ ನಿಲ್ಲುತ್ತಿತ್ತು. 1701ರಲ್ಲಿ ಹಯಸಿಂತ್ ರಿಗೋ ಬರೆದ ಹದಿನಾಲ್ಕನೆಯ ಲೂಯಿಯ ಭಾವಚಿತ್ರವಂತೂ ಜಗತ್ತಿಗೇ ಗೊತ್ತು. ಅದು ಸ್ಪೇನಿನ ದೊರೆಯಾದ ಮೊಮ್ಮಗನಿಗೆ ಕಳುಹಿಸಲೆಂದು ಸಿದ್ಧವಾದದ್ದು. ಲೂಯಿಗೆ ಅದು ಎಷ್ಟು ಹಿಡಿಸಿತೆಂದರೆ ಮೂಲವನ್ನು ತಾನೇ ಇಟ್ಟುಕೊಂಡು ಪ್ರತಿ ಬರೆಯಲು ಹೇಳಿದ. ಬರೋಕ್ ಭಾವಚಿತ್ರ ಹುಟ್ಟುವಾಗಲೇ ಪ್ರತಿಯಾಗಲು ಸಿದ್ಧವಾಗಿ ಹುಟ್ಟುತ್ತಿತ್ತು. ಆದ್ದರಿಂದ ಇಂದು ಮನೆಗೆ ಪ್ರತಿಯೊಂದನ್ನು ತರಿಸಿಕೊಳ್ಳುವವರು ಆ ಪರಂಪರೆಗೆ ಅಪಚಾರ ಮಾಡುತ್ತಿಲ್ಲ.

ಕನ್ನಡಕ್ಕೂ ಈ ಮಾತು ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯ ಚರಿತ್ರೆ ಹೆಮ್ಮೆಯಿಂದ ಹೇಳುವ ಸಂಗತಿ. ಓಲೆಗರಿಯ ಕಾಲದಲ್ಲಿ ಕಾವ್ಯ ಉಳಿದದ್ದೇ ಪ್ರತಿಕಾರರ ಕೈಯಿಂದ. ಅದನ್ನು ಯಾರೂ ನಕಲು ಎಂದು ಹಳಿಯಲಿಲ್ಲ. ಕವಿಯ ಹೆಸರು ಉಳಿಯಿತು, ದಾನಿಯ ಹೆಸರು ಉಳಿಯಿತು. ಆ ಸಾವಿರ ಪ್ರತಿಗಳನ್ನು ಕಂಠದಿಂದ ಕೊರೆದವರ ಹೆಸರುಗಳು ಮಾತ್ರ ಉಳಿಯಲಿಲ್ಲ. ಬರೋಕ್ ಕಾರ್ಯಶಾಲೆಗಳ ಕತೆಯೂ ಇದೇ.

ಎರಡನೆಯ ಪ್ರಶ್ನೆ ಮುಖದ್ದು. ಬರೋಕ್ ಭಾವಚಿತ್ರ ಅಧಿಕಾರದ ಉಪಕರಣವಾಗಿತ್ತು. ಎತ್ತರದಿಂದ ಕೆಳಗೆ ನೋಡುವ ಕಣ್ಣು, ಸೊಂಟದ ಮೇಲಿನ ಕೈ, ಹಿಂದೆ ಹಾರುವ ಪರದೆ, ಪಕ್ಕದಲ್ಲಿ ಕಲ್ಲಿನ ಕಂಬ. ಎದುರು ನಿಂತವರು ತಮ್ಮನ್ನು ಚಿಕ್ಕವರೆಂದು ಭಾವಿಸಬೇಕೆಂಬುದೇ ಆ ವಿನ್ಯಾಸದ ಉದ್ದೇಶ. ಅಲ್ಲಿ ವ್ಯಕ್ತಿಗಿಂತ ಭಂಗಿ ಮುಖ್ಯ ಎಂಬುದಕ್ಕೆ 1650ರ ದಶಕದ ಒಂದು ಮುದ್ರಿತ ಚಿತ್ರ ಸಾಕ್ಷಿ. ವ್ಯಾನ್ ಡೈಕ್ ಬರೆದ ಇಂಗ್ಲೆಂಡಿನ ದೊರೆ ಮೊದಲನೆಯ ಚಾರ್ಲ್ಸ್‌ನ ಕುದುರೆಸವಾರಿಯ ಚಿತ್ರವನ್ನು ಅನುಸರಿಸಿ ಪಿಯೆರ್ ಲೊಂಬಾರ್ ತಾಮ್ರದ ಫಲಕ ಕೊರೆದ. ರಾಜಕೀಯ ಬದಲಾದಂತೆ ಫಲಕದಲ್ಲಿ ತಲೆಯನ್ನು ಅಳಿಸಿ ಬೇರೆ ತಲೆ ಕೂರಿಸಲಾಯಿತು. ದೊರೆಯ ತಲೆ ಕಡಿಸಿದ ಕ್ರಾಮ್‌ವೆಲ್‌ನ ಮುಖವೂ, ತಲೆ ಕಳೆದುಕೊಂಡ ಚಾರ್ಲ್ಸ್‌ನ ಮುಖವೂ ಅದೇ ಮೈಯ ಮೇಲೆ ಬಂದವು. ಕುದುರೆ ಮಾತ್ರ ಹಾಗೆಯೇ ನಿಂತಿತ್ತು. ಇಂದು ಗ್ರಾಹಕರ ಮುಖವನ್ನೇ ಬರೋಕ್ ಸೇನಾಪತಿಯ ಮೈಗೆ ಅಂಟಿಸಿ ಬರೆದುಕೊಡುವ ವ್ಯಾಪಾರವಿದೆ. ಜಾತ್ರೆಯ ಫೋಟೊ ಅಂಗಡಿಯಲ್ಲಿ ಬಣ್ಣದ ಹಲಗೆಯ ತೂತಿನಿಂದ ಮುಖ ತೂರಿಸಿ ವಿಮಾನದಲ್ಲಿ ಕುಳಿತವರಿಗೆ ಈ ಆಟ ಹೊಸದೇನಲ್ಲ. ಆದರೆ ಆ ಅಂಗಡಿಯಲ್ಲಿ ಎಲ್ಲರಿಗೂ ಅದು ಆಟವೆಂದು ಗೊತ್ತಿತ್ತು. ನಡುಮನೆಯ ಸೇನಾಪತಿಯ ವಿಷಯದಲ್ಲಿ ಹಾಗೆ ಹೇಳಲಾಗದು.

ಆ ಸೇನಾಪತಿಗಳ ಚರಿತ್ರೆಯೂ ಹಗುರದ್ದಲ್ಲ. 1648ರಲ್ಲಿ ಸ್ವೀಡನ್ನಿನ ಸೇನೆ ಪ್ರಾಗ್ ನಗರವನ್ನು ಸೂರೆ ಮಾಡಿ, ಚಕ್ರವರ್ತಿ ಎರಡನೆಯ ರುಡಾಲ್ಫ್ ಕೂಡಿಹಾಕಿದ್ದ ಕಲಾಸಂಗ್ರಹವನ್ನು ರಾಣಿ ಕ್ರಿಸ್ಟೀನಾಳಿಗಾಗಿ ಸ್ಟಾಕ್‌ಹೋಮ್‌ಗೆ ಸಾಗಿಸಿತು. 1654ರಲ್ಲಿ ಸಿಂಹಾಸನ ತೊರೆದು ಹೊರಟ ಕ್ರಿಸ್ಟೀನಾ ಅದರಲ್ಲಿನ ಅನೇಕ ಇಟಾಲಿಯನ್ ಚಿತ್ರಗಳನ್ನು ತನ್ನೊಡನೆ ಒಯ್ದಳು. ಅದೇ ದಶಕದಲ್ಲಿ ಸ್ವೀಡನ್ನಿನ ಆಫ್ರಿಕಾ ಕಂಪನಿ ಇಂದಿನ ಘಾನಾದ ಕರಾವಳಿಯಲ್ಲಿ ಕೋಟೆ ಕಟ್ಟಿ ಚಿನ್ನದ ಜೊತೆಗೆ ಮನುಷ್ಯರನ್ನೂ ವ್ಯಾಪಾರ ಮಾಡಿತು. ಏರೆನ್‌ಸ್ಟ್ರಾಲ್ 1670ರಲ್ಲಿ ಬರೆದ ಒಂದು ಚಿತ್ರದಲ್ಲಿ ಗಿಳಿಗಳು ಮತ್ತು ಕೋತಿಗಳ ನಡುವೆ ಒಬ್ಬ ಕಪ್ಪು ವರ್ಣದ ವ್ಯಕ್ತಿಯಿದ್ದಾನೆ. ಚಿತ್ರದ ಶೀರ್ಷಿಕೆ ಅವನನ್ನು ಬರೀ ಒಬ್ಬ ಮೂರ್ ಎಂದು ಕರೆಯುತ್ತದೆ. ಅವನಿಗೊಂದು ಹೆಸರಿತ್ತು ಎಂಬ ಸುಳಿವು ಅದರಲ್ಲಿಲ್ಲ. ಯೂರೋಪಿನ ಆ ಕಾಲದ ಎಷ್ಟೋ ಭಾವಚಿತ್ರಗಳಲ್ಲಿ ಹಣ್ಣಿನ ತಟ್ಟೆ ಹಿಡಿದ, ರಾಣಿಯ ಸೆರಗಿನ ಬಳಿ ನಿಂತ ಕಪ್ಪು ಹುಡುಗರು ಬರುತ್ತಾರೆ. ಒಡತಿಯ ಚರ್ಮದ ಬಿಳುಪನ್ನು ಎತ್ತಿ ತೋರಿಸಲು ಚಿತ್ರಕಾರ ಅವರನ್ನು ಅಲ್ಲಿ ನಿಲ್ಲಿಸಿದ್ದಾನೆ. ಪ್ರತಿಗಳನ್ನು ಮಾರುವ ಪಟ್ಟಿಯಲ್ಲಿ ಇಂಥವೂ ಸೊಬಗಿನ ಅಲಂಕಾರಗಳಾಗಿಯೇ ಸೇರಿಕೊಳ್ಳುತ್ತವೆ. ಬಣ್ಣದ ಕಾರಣಕ್ಕೆ ತಾವೇ ಒಮ್ಮೆಯಾದರೂ ಅವಮಾನ ಉಂಡ ವಲಸಿಗರು ಆ ಹುಡುಗನನ್ನು ಸೋಫಾದ ಮೇಲೆ ತೂಗುಹಾಕುವ ಮುನ್ನ ಅವನ ಮುಖವನ್ನೊಮ್ಮೆ ದಿಟ್ಟಿಸಬೇಕು.

ಹಾಗೆಂದು ಬರೋಕ್ ಕಲೆಯನ್ನು ಬಿಳಿಯರ ಸೊತ್ತೆಂದು ಬಿಟ್ಟುಕೊಡುವುದೂ ಚರಿತ್ರೆಗೆ ಒಪ್ಪುವ ಮಾತಲ್ಲ. ಹಾರ್ಲೆಮ್ ನಗರದ ಕಾರ್ನೆಲಿಸ್ ಕ್ಲಾಸ್ ಹೇಡಾ ಎಂಬ ಚಿತ್ರಕಾರ ಪ್ರಾಗ್‌ನಲ್ಲಿ ಅದೇ ರುಡಾಲ್ಫನ ಆಸ್ಥಾನದಲ್ಲಿದ್ದವನು. ಪರ್ಶಿಯಾಕ್ಕೆಂದು ಹೊರಟವನು ಗೋವೆಗೆ ಬಂದು ಸಿಕ್ಕಿಬಿದ್ದು, ಕೊನೆಗೆ ಬಿಜಾಪುರ ಸೇರಿದ. ಇಂದಿನ ವಿಜಯಪುರದ ನೆಲದಲ್ಲಿ, ಎರಡನೆಯ ಇಬ್ರಾಹಿಂ ಆದಿಲ್ ಶಾಹಿಯ ಆಶ್ರಯದಲ್ಲಿ, 17ನೆಯ ಶತಮಾನದ ಮೊದಲ ದಶಕಗಳಲ್ಲಿ ಹತ್ತಾರು ವರ್ಷ ಕೆಲಸ ಮಾಡಿ ಅಲ್ಲಿಯೇ ತೀರಿಕೊಂಡ. ರೂಬೆನ್ಸ್ ಆಂಟ್ವೆರ್ಪ್‌ನಲ್ಲಿ ಕಾರ್ಯಶಾಲೆ ನಡೆಸುತ್ತಿದ್ದ ವರ್ಷಗಳಲ್ಲೇ ಕನ್ನಡನಾಡಿನ ಒಂದು ಆಸ್ಥಾನದಲ್ಲಿ ಡಚ್ ಚಿತ್ರಕಾರನೊಬ್ಬ ಸಂಬಳಕ್ಕಿದ್ದ. ಆ ಶತಮಾನದಲ್ಲಿ ವಲಸೆ ಒಂದೇ ದಿಕ್ಕಿಗೆ ಹರಿಯಲಿಲ್ಲ.

ಶತಮಾನದ ಕೊನೆಗೆ ಇನ್ನೂ ಸೋಜಿಗದ ವಿನಿಮಯ ನಡೆಯಿತು. ದಖ್ಖಣದ ಗೋಲ್ಕೊಂಡದಲ್ಲಿ ಚಿತ್ರಕಾರರು ಮೊಗಲ್ ಮತ್ತು ದಖ್ಖಣಿ ಅರಸರ ಭಾವಚಿತ್ರಗಳನ್ನು ಒಂದರ ಹಿಂದೊಂದು ಪ್ರತಿ ಮಾಡಿ, ಸಂಪುಟ ಕಟ್ಟಿ ಯೂರೋಪಿಯನ್ ಗಿರಾಕಿಗಳಿಗೆ ಮಾರುತ್ತಿದ್ದರು. ಆಮ್‌ಸ್ಟರ್‌ಡ್ಯಾಮ್‌ನ ಮೇಯರ್ ಆಗಿದ್ದ ನಿಕೊಲಾಸ್ ವಿಟ್ಸೆನ್‌ಗೆ ಸೇರಿದ, 1686ರ ಸುಮಾರಿನ ಅಂಥದೊಂದು ಸಂಪುಟ ಇಂದು ರೈಕ್ಸ್ ಮ್ಯೂಸಿಯಂನಲ್ಲಿದೆ. ಮೂರು ಶತಮಾನಗಳ ಹಿಂದೆ ಡಚ್ ಶ್ರೀಮಂತರೇ ಪೂರ್ವದ ಮುಖಗಳ ಕೈಬರಹದ ಪ್ರತಿಗಳನ್ನು ಮನೆಗೆ ತರಿಸಿಕೊಳ್ಳುತ್ತಿದ್ದರು. ಅದಕ್ಕೂ ಮುನ್ನ, 1656ರಿಂದ 1661ರ ನಡುವೆ, ರೆಂಬ್ರಾಂಟ್ ತನ್ನ ಕೈಗೆ ಸಿಕ್ಕ ಮೊಗಲ್ ಕಿರುಚಿತ್ರಗಳನ್ನು ಕಾಗದದ ಮೇಲೆ ಪ್ರತಿ ಮಾಡಿದ. ಅವುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಉಳಿದಿವೆ. ಅಷ್ಟು ದೊಡ್ಡ ಕಲಾವಿದನೂ ಪ್ರತಿ ಮಾಡುವುದನ್ನು ಕೀಳೆಂದು ಬಗೆಯಲಿಲ್ಲ. ಆ ರೇಖೆಗಳಲ್ಲಿ ಕಾಣುವುದು ಕಲಿಯುವವನ ವಿನಯ. ಆದರೆ ರೆಂಬ್ರಾಂಟನ ಹೆಸರು ಎಲ್ಲರಿಗೂ ಗೊತ್ತು. ವಿಟ್ಸೆನ್ ಸಂಪುಟವನ್ನು ಬರೆದ ಗೋಲ್ಕೊಂಡದ ಕೈಗಳು ಅನಾಮಧೇಯ.

ಈಗ ಆ ಕೈಯ ಪ್ರಶ್ನೆ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ಒಂದು ಕಾಲದಲ್ಲಿ ರಾಜಕುಮಾರ್ ಅವರ ಆಳೆತ್ತರವನ್ನು ಮೀರಿದ ಕಟೌಟುಗಳು ನಿಲ್ಲುತ್ತಿದ್ದವು. ಒಂದು ಸಣ್ಣ ಫೋಟೊದ ಮೇಲೆ ಚೌಕಗಳನ್ನು ಎಳೆದು, ಅಷ್ಟೇ ಚೌಕಗಳನ್ನು ದೊಡ್ಡ ಹಲಗೆಯ ಮೇಲೆ ಎಳೆದು, ಒಂದೊಂದು ಚೌಕದೊಳಗಿನ ರೇಖೆಯನ್ನೂ ನೋಡಿ ಹಿಗ್ಗಿಸುತ್ತಿದ್ದ ಆ ಕಲಾವಿದರಿಗೆ ಮುಖದ ನೆರಳು ಬೆಳಕು ಬಾಯಿಪಾಠವಾಗಿತ್ತು. ಯೂರೋಪಿನ ಕಾರ್ಯಶಾಲೆಗಳಲ್ಲೂ ಚಿತ್ರ ಹಿಗ್ಗಿಸಲು ಬಳಸಿದ್ದು ಇದೇ ಚೌಕುಳಿ ವಿಧಾನ. ಫ್ಲೆಕ್ಸ್ ಬಂದ ಕೆಲವೇ ವರ್ಷಗಳಲ್ಲಿ ಆ ಕಸುಬು ಬೀದಿಗೆ ಬಿತ್ತು. ಅಭಿಮಾನಿಗಳು ನಟನ ಮುಖಕ್ಕೆ ಹಾಲೆರೆದರು. ಮುಖ ಬರೆದವರ ಮನೆಯಲ್ಲಿ ಒಲೆ ಹೇಗೆ ಉರಿಯಿತೆಂದು ಕೇಳಿದವರು ಕಡಿಮೆ.

ಇಂದು ಜಗತ್ತಿನ ಮನೆಗಳಿಗೆ ಹೋಗುವ ಕೈಬರಹದ ಪ್ರತಿಗಳ ದೊಡ್ಡ ಪಾಲು ಚೀನಾದ್ದು. ಶೆನ್‌ಜೆನ್ ನಗರದ ದಾಫೆನ್ ಎಂಬ ಹಳ್ಳಿಗೆ 1989ರಲ್ಲಿ ಹಾಂಗ್‌ಕಾಂಗ್‌ನ ವ್ಯಾಪಾರಿ ಹುವಾಂಗ್ ಜಿಯಾಂಗ್ ಕೆಲವು ಚಿತ್ರಕಾರರೊಂದಿಗೆ ಬಂದು ನೆಲೆಸಿದ. ಮುಂದೆ ಅದು ಸಾವಿರಾರು ಚಿತ್ರಕಾರರ ಊರಾಯಿತು. ಅವರಲ್ಲಿ ಬಹುಪಾಲು ಹಳ್ಳಿಗಳಿಂದ ಕೆಲಸ ಹುಡುಕಿ ಬಂದ ಯುವಜನ. ಒಬ್ಬೊಬ್ಬರು ಒಂದೊಂದು ಚಿತ್ರದಲ್ಲಿ ನುರಿತು ಅದನ್ನೇ ನೂರಾರು ಸಲ ಬರೆದರು. ದೊಡ್ಡ ಬೇಡಿಕೆ ಬಂದಾಗ ಕೆಲಸವನ್ನು ಹಂಚಿಕೊಂಡು ಬರೆದದ್ದೂ ಉಂಟು. 2008ರ ಆರ್ಥಿಕ ಕುಸಿತದಲ್ಲಿ ಪಶ್ಚಿಮದ ಗಿರಾಕಿಗಳು ಕೈಕಟ್ಟಿದಾಗ ಅವರ ಕುಂಚಗಳೂ ನಿಂತವು. ಆ ಚಿತ್ರಕಾರರನ್ನು ನಕಲುಗಾರರೆಂದು ಹಗುರವಾಗಿ ನೋಡುವುದು ಸುಲಭ. ರೂಬೆನ್ಸ್‌ನ ಶಿಷ್ಯರು ಮಾಡಿದ ಕೆಲಸವನ್ನೇ ಅವರೂ ಮಾಡುತ್ತಿದ್ದಾರೆ. ಅವರ ಗುರು ಮಾತ್ರ ಮುನ್ನೂರೈವತ್ತು ವರ್ಷಗಳ ಹಿಂದೆಯೇ ಸತ್ತಿದ್ದಾನೆ, ಸಂಬಳ ಕೊಡುವವನು ಬೇರೊಂದು ಖಂಡದಲ್ಲಿದ್ದಾನೆ. ಊರು ಬಿಟ್ಟು ಬಂದು, ಇನ್ನೊಬ್ಬರ ನಕ್ಷೆಯ ಪ್ರಕಾರ ದುಡಿದು, ತಮ್ಮ ಹೆಸರಿಲ್ಲದ ಸರಕನ್ನು ಜಗತ್ತಿಗೆ ಕಳುಹಿಸುವುದೆಂದರೇನು ಎಂದು ಸೋಡರ್‌ಟೆಲ್ಯೆಯ ಕಾರ್ಖಾನೆಗಳಲ್ಲಿ, ಕಚೇರಿಗಳಲ್ಲಿ ದುಡಿಯುವ ವಲಸಿಗರಿಗೆ ಯಾರೂ ವಿವರಿಸಿ ಹೇಳಬೇಕಿಲ್ಲ.

ಕಾನೂನಿನ ತೊಡಕು ಇಲ್ಲಿಲ್ಲ. ಕಲಾವಿದ ತೀರಿಕೊಂಡ 70 ವರ್ಷಗಳ ನಂತರ ಯೂರೋಪಿನಲ್ಲಿ ಕೃತಿಸ್ವಾಮ್ಯ ಮುಗಿಯುತ್ತದೆ. ಸ್ವೀಡನ್ನಿನ ನ್ಯಾಷನಲ್ ಮ್ಯೂಸಿಯಂ 2016ರಲ್ಲಿ ತನ್ನ ಸಂಗ್ರಹದ ಸುಮಾರು 3,000 ಕೃತಿಗಳ ಉತ್ತಮ ಗುಣಮಟ್ಟದ ಛಾಯಾಚಿತ್ರಗಳನ್ನು ಎಲ್ಲರ ಬಳಕೆಗೆ ಮುಕ್ತಗೊಳಿಸಿತು. ಪ್ರತಿ ಅಪರಾಧವಾಗುವುದು ಸುಳ್ಳು ಹೇಳಿದಾಗ ಮಾತ್ರ. ವರ್ಮೀರನ ಶೈಲಿಯಲ್ಲಿ ಚಿತ್ರ ಬರೆದು ವರ್ಮೀರನದೆಂದೇ ಮಾರಿದ ಡಚ್ ಚಿತ್ರಕಾರ ಹಾನ್ ವಾನ್ ಮೇಗರೆನ್‌ಗೆ 1947ರಲ್ಲಿ ಶಿಕ್ಷೆಯಾದದ್ದು ಆ ಕಾರಣಕ್ಕೆ. ಪ್ಯಾರಿಸ್‌ನ ಲೂವ್ರ್‌ನಲ್ಲಿ ಇಂದಿಗೂ ಪ್ರತಿಕಾರರು ಅನುಮತಿ ಪಡೆದು ಮೂಲದ ಮುಂದೆಯೇ ನಿಂತು ಬರೆಯುತ್ತಾರೆ. ಪ್ರತಿಯ ಅಳತೆ ಮೂಲಕ್ಕಿಂತ ಬೇರೆಯಿರಬೇಕು, ಮೂಲ ಕಲಾವಿದನ ರುಜು ಬರೆಯಕೂಡದು ಎಂಬುದು ಅಲ್ಲಿನ ನಿಯಮ. ಪ್ರತಿ ತಾನು ಪ್ರತಿಯೆಂದು ಒಪ್ಪಿಕೊಂಡರೆ ಸಾಕು.

ಕೊಳ್ಳುವವರಿಗೂ ಒಂದು ಹೊಣೆಯಿದೆ. ಮುದ್ರಿಸಿದ ಕ್ಯಾನ್ವಾಸಿನ ಮೇಲೆ ಪಾರದರ್ಶಕ ಅಂಟು ಬಳಿದು ಕುಂಚದ ಗುರುತು ಮೂಡಿಸಿ ಕೈಬರಹವೆಂದು ಮಾರುವವರಿದ್ದಾರೆ. ಭೂತಗನ್ನಡಿ ಹಿಡಿದರೆ ಮುದ್ರಣದ ಚುಕ್ಕಿಗಳು ಕಾಣುತ್ತವೆ. ಕುಂಚದ ಗೆರೆ ಒಂದು ಕಡೆಗೆ, ಬಣ್ಣದ ಅಂಚು ಇನ್ನೊಂದು ಕಡೆಗೆ ಹೋಗಿರುತ್ತವೆ. ನಿಜವಾದ ಕೈಕೆಲಸಕ್ಕೆ ಕಾಲ ಹಿಡಿಯುತ್ತದೆ. ಮೊದಲು ಕಂದು ಅಥವಾ ಬೂದು ಬಣ್ಣದ ತಳ, ಅದರ ಮೇಲೆ ನೆರಳು ಬೆಳಕಿನ ಅಡಿಚಿತ್ರ, ಆಮೇಲೆ ಎಣ್ಣೆಯಲ್ಲಿ ತೆಳುವಾಗಿ ಕಲಸಿದ ಬಣ್ಣದ ಪೊರೆಗಳು. ಒಂದು ಪೊರೆ ಒಣಗದೆ ಇನ್ನೊಂದನ್ನು ಎಳೆಯಲಾಗದು. ಬರೋಕ್ ಕತ್ತಲೆಗೆ ಆಳ ಬರುವುದು ಈ ಪೊರೆಗಳಿಂದ. ಒಂದೇ ಸಲ ಬಳಿದ ಕಪ್ಪು ಗೋಡೆಗೆ ಬಿದ್ದ ತೂತಿನಂತೆ ಕಾಣುತ್ತದೆ. ಹಿಂದೆ ಮುಖದ ಬೆಳಕಿಗೆ ಬಳಸುತ್ತಿದ್ದ ಸೀಸದ ಬಿಳಿ ವಿಷಕಾರಿ. ಅದನ್ನು ಅರೆದವರ ಆರೋಗ್ಯವನ್ನೂ ಅದು ಅರೆಯಿತು. ಇಂದು ಅದರ ಜಾಗದಲ್ಲಿ ಹೆಚ್ಚಾಗಿ ಟೈಟಾನಿಯಂ ಬಿಳಿಯಿದೆ. ಒಂದು ಮುಖ ಮೂರು ದಿನದಲ್ಲಿ, ಒಂದು ಊಟದ ಬೆಲೆಗೆ ಮನೆಗೆ ಬಂದರೆ ಅದು ಕೈಕೆಲಸವಲ್ಲ. ಕೈಕೆಲಸವೇ ಆಗಿದ್ದರೆ ಆ ಕೈಗೆ ನ್ಯಾಯ ಸಿಕ್ಕಿಲ್ಲ.

ಹಾಗಾದರೆ ಆ ಬಿಳಿ ಗೋಡೆಗೆ ಯಾರ ಮುಖ? ಉತ್ತರ ಆಯಾ ಮನೆಯವರದು. ಆದರೆ ಬರೋಕ್ ಕಲೆ ದೊರೆಗಳಿಗಷ್ಟೇ ಸೇರಿದ್ದಲ್ಲ ಎಂಬುದಕ್ಕೆ ಸ್ಟಾಕ್‌ಹೋಮ್‌ನ ನ್ಯಾಷನಲ್ ಮ್ಯೂಸಿಯಂನಲ್ಲೇ ಸಾಕ್ಷಿಯಿದೆ. ರೆಂಬ್ರಾಂಟ್ 1651ರಲ್ಲಿ ಬರೆದ ಚಿತ್ರವೊಂದರಲ್ಲಿ ಎಳೆಯ ಹುಡುಗಿಯೊಬ್ಬಳು ಕೈಯ ಮೇಲೆ ಕೆನ್ನೆಯಿಟ್ಟು ಯಾವುದೋ ಯೋಚನೆಯಲ್ಲಿದ್ದಾಳೆ. ಅಡುಗೆಮನೆಯ ಕೆಲಸದವಳು ಎಂಬುದಷ್ಟೇ ಅವಳಿಗೆ ಅಂಟಿದ ಗುರುತು. ಕಂಬವಿಲ್ಲ, ಪರದೆಯಿಲ್ಲ, ಕೆಳಗಿರುವವರನ್ನು ಅಳೆಯುವ ನೋಟವಿಲ್ಲ. ದೊರೆಗಳಿಗೆ ಕೊಡುವಷ್ಟೇ ಬೆಳಕನ್ನು ಚಿತ್ರಕಾರ ಅವಳ ಮುಖಕ್ಕೂ ಕೊಟ್ಟಿದ್ದಾನೆ. ಸೋಡರ್‌ಟೆಲ್ಯೆಯಿಂದ ರೈಲು ಹತ್ತಿ ಹೋಗಿ ಅವಳನ್ನು ನೋಡಿ ಬರಬಹುದು. ಅವಳ ಪ್ರತಿಯನ್ನು ಮನೆಗೆ ತರಬಹುದು.

ಇನ್ನೊಂದು ದಾರಿಯೂ ಇದೆ. ಊರಿನ ಮನೆಯಲ್ಲಿ ಹಾರ ಹಾಕಿಸಿಕೊಂಡವನು ಬಹುತೇಕ ಅಜ್ಜನೇ. ಒಲೆಯ ಮುಂದೆ, ಗದ್ದೆಯ ಬದುವಿನಲ್ಲಿ, ಬೀಡಿ ಕಟ್ಟುವ ಮೊರದ ಮುಂದೆ ಬದುಕು ಸವೆಸಿದ ಅಜ್ಜಿಯದು ಮತದಾರರ ಗುರುತಿನ ಚೀಟಿಯ ಮಸುಕು ಫೋಟೊ ಮಾತ್ರ. ಆ ಫೋಟೊವನ್ನು ಒಬ್ಬ ಒಳ್ಳೆಯ ಚಿತ್ರಕಾರರ ಕೈಗಿತ್ತು, ಕತ್ತಲ ಹಿನ್ನೆಲೆಯಿಂದ ಬೆಳಕಿಗೆ ಬರುವ ಮುಖವಾಗಿ ಬರೆಸಿದರೆ ಬರೋಕ್ ಪರಂಪರೆಗೆ ಯಾವ ನಷ್ಟವೂ ಇಲ್ಲ. ಅವಳಿಗೆ ಲೂಯಿಯ ಉಡುಪು ತೊಡಿಸಬೇಕಿಲ್ಲ. ಇಳಕಲ್ ಸೀರೆಯ ಮೇಲೂ ಬೆಳಕು ಚೆನ್ನಾಗಿಯೇ ಬೀಳುತ್ತದೆ.

ಯಾರ ಮುಖವನ್ನೇ ಬರೆಸಲಿ, ಗೋಡೆಗೆ ತೂಗುವ ಮುನ್ನ ಒಂದು ಸಣ್ಣ ಕೆಲಸ ಮಾಡಬಹುದು. ಬರೆದವರ ಹೆಸರನ್ನು ಕೇಳಿ ತಿಳಿದುಕೊಳ್ಳಬೇಕು. ಮಾರಿದವರು ಹೇಳಲು ಒಪ್ಪದಿದ್ದರೆ ಹೇಳುವ ಬೇರೆಯವರನ್ನು ಹುಡುಕಬೇಕು. ಆಮೇಲೆ ಕ್ಯಾನ್ವಾಸನ್ನು ಮಗುಚಿ, ಹಿಂಬದಿಯ ಮರದ ಪಟ್ಟಿಯ ಮೇಲೆ ಮೂಲ ಕಲಾವಿದರ ಹೆಸರು, ಪ್ರತಿ ಬರೆದವರ ಹೆಸರು, ಅವರ ಊರು, ಬರೆದ ವರ್ಷ, ಇಷ್ಟನ್ನು ಕನ್ನಡದಲ್ಲಿ ಬರೆದಿಡಬೇಕು. ಮುಂದೊಂದು ದಿನ ಈ ಊರಿನಲ್ಲೇ ಹುಟ್ಟಿದ ಮೊಮ್ಮಗಳು ಮನೆ ಬದಲಿಸುವಾಗ ಆ ಚಿತ್ರವನ್ನು ಗೋಡೆಯಿಂದ ಇಳಿಸುತ್ತಾಳೆ. ಹಿಂದಿನ ಅಕ್ಷರಗಳನ್ನು ಅವಳು ತಡವರಿಸುತ್ತಲೇ ಓದಬಹುದು. ಅಲ್ಲಿ ಅವಳಿಗೆ ಎರಡು ಹೆಸರುಗಳು ಸಿಗುತ್ತವೆ.